ಮೂರು ಕಂಪ್ಯೂಟರಿನ ಸ್ಟುಡಿಯೊ

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಬಿಲಾಲನ ಫೋಟೊ ಸ್ಟುಡಿಯೊ. ಈ ಕಡೆ ಯಾರಾದರೂ ತೀರಿಕೊಂಡರೆ, ಹಾರ ಹಾಕುವ ಪಟಕ್ಕೆ ಮುಖ ಹುಡುಕಿಕೊಂಡು ಮನೆಯವರು ಅವನ ಬಳಿಗೇ ಬರುತ್ತಿದ್ದರು. ಎಂದೋ ತೆಗೆದ ಮದುವೆಯ ಗುಂಪು ಫೋಟೊದಲ್ಲಿ ಆ ಮುಖವನ್ನು ಪತ್ತೆಹಚ್ಚಿ, ಬೇರ್ಪಡಿಸಿ, ದೊಡ್ಡದು ಮಾಡಿ ಕೊಡುತ್ತಿದ್ದ. ಒಬ್ಬರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ ಎಂಬುದೊಂದೇ ಅವನ ಜಂಬ. ಪಾಪ, ಬೇರೆ ಜಂಬಕ್ಕೆ ಅವನ ಬಳಿ ಏನಿತ್ತು?

ಇದ್ದದ್ದು ಮೂರು ಕಂಪ್ಯೂಟರು, ಮೂರೂ ಯಾರೋ ಬಳಸಿ ಬಿಟ್ಟವು. ಮೂರಕ್ಕೂ ಫೋಟೊ ತುಂಬಿಡುವ ದೊಡ್ಡ ಡಿಸ್ಕು ಹಾಕಿಸುವ ತಾಕತ್ತಿಲ್ಲದೆ, ಒಂದಕ್ಕೆ ಮಾತ್ರ ಹಾಕಿಸಿ, ವೈರು ಎಳೆದು ಉಳಿದೆರಡನ್ನೂ ಅದಕ್ಕೆ ಜೋಡಿಸಿದ್ದ. ಯಾವುದರ ಮುಂದೆ ಕೂತರೂ ಅವೇ ಫೋಟೊ ಕಾಣುತ್ತಿದ್ದವು. ಒಂದು ಕೆಟ್ಟರೆ ಇನ್ನೆರಡಿವೆ ಎಂದು ನಬಿಲಾಲ ಹಾಯಾಗಿದ್ದ.

ಈ ಸಲದ ಮದುವೆ ಸೀಜನ್ನಿನಲ್ಲಿ, ಆಲ್ಬಮ್ ಕೂಡಿಸುವ ತಂಗಿ ಸುಲ್ತಾನಾ ಡಿಸ್ಕಿನಲ್ಲಿ ಜಾಗವೇ ಉಳಿದಿಲ್ಲ ಎಂದಳು. ನಬಿಲಾಲ ಕ್ಯಾಮೆರಾ ಹೆಗಲಿಗೇರಿಸಿ ನಿಡಗುಂದಿಗೆ ಹೊರಟಿದ್ದ.

"ಹಳೇವು ಮೂರೂ ಕಡೆ ಅದಾವಲ್ಲ. ನಿನ್ನದರಾಗಿಂದ ಅಳಸಿ ಹಾಕು."

ಅವಳು ಅಳಿಸಿದಳು. ಫೋಟೊಗಳಿದ್ದದ್ದು ಒಂದೇ ಕೋಣೆಯಲ್ಲಿ, ಅದಕ್ಕೆ ಮೂರು ಬಾಗಿಲು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಸಿದ್ದಲಿಂಗವ್ವ ಬಂದಾಗ. ಅವಳ ಗಂಡ ಗುರಲಿಂಗಪ್ಪ ತೀರಿಕೊಂಡಿದ್ದ. ಮಗಳ ಮದುವೆಯಲ್ಲಿ ನಬಿಲಾಲ ತೆಗೆದ, ಗುರಲಿಂಗಪ್ಪ ಒಬ್ಬನೇ ನಗುತ್ತ ನಿಂತ ಫೋಟೊ ಅವಳಿಗೆ ಬೇಕಿತ್ತು. ಅದು ಆಲ್ಬಮ್ಮಿಗೆ ಸೇರಿರಲಿಲ್ಲ; ಅಲ್ಲಿದ್ದವುಗಳಲ್ಲೆಲ್ಲ ಅವನ ಮುಖ ಬೇರೆಯವರ ಹಿಂದೆ ಅರ್ಧ ಮರೆಯಾಗಿತ್ತು. ಗಂಡ ಇಲ್ಲೇ ಕಂಪ್ಯೂಟರಿನಲ್ಲಿ ನೋಡಿಬಂದು ಹಿಗ್ಗಿನಿಂದ ಹೇಳಿದ್ದನಷ್ಟೇ. ಅಣ್ಣ ತಂಗಿ ಮೂರೂ ಕಂಪ್ಯೂಟರು ಜಾಲಾಡಿದರು. ಅಳಿಸಿದ ಜಾಗದಲ್ಲಿ ಆಗಲೇ ಹೊಸ ಮದುವೆಗಳು ತುಂಬಿದ್ದವು. ಫೋನು ಹಚ್ಚಿದರೆ ರಿಪೇರಿಯವನೂ ಕೈಚೆಲ್ಲಿದ. ಸುಲ್ತಾನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತಪ್ಪು ತನ್ನದೇ, ತಂಗಿಯದಲ್ಲ ಎಂದು ನಬಿಲಾಲ ಹೇಳಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವನಿಗೆ.

ಸಿದ್ದಲಿಂಗವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಂಡನ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ಇದರಿಂದಲೇ ಮಾಡಿಕೊಡು ಎಂದಳು. ಅದರಲ್ಲಿ ಗುರಲಿಂಗಪ್ಪ ಅಂಜಿದವನ ಹಾಗೆ ಕಣ್ಣರಳಿಸಿ ಕೂತಿದ್ದ. ಆಮೇಲೆ ಅವಳು ಬೆಂಚಿನ ಮೇಲೆ ಕುಳಿತಳು.

"ಆ ನಗೂ ಫೋಟೊ ನಾ ನೋಡೇ ಇಲ್ಲ, ತಮ್ಮಾ. ನೀ ತಗದಾಂವ. ನಮ್ಮವರು ಹೆಂಗ ಕಾಣತಿದ್ರು, ಹೇಳು."

ಅದೆಷ್ಟು ಮದುವೆ, ಅದೆಷ್ಟು ಮುಖ. ಡಿಸ್ಕಿನಲ್ಲಿವೆಯಲ್ಲ ಎಂದು ನಬಿಲಾಲ ಯಾರೊಬ್ಬರನ್ನೂ ನೆನಪಿಟ್ಟುಕೊಂಡಿರಲಿಲ್ಲ.

"ಭಾಳ ಚಲೋ ಕಾಣತಿದ್ರವ್ವಾ," ಎಂದ.

ಸಿದ್ದಲಿಂಗವ್ವ ಮುಂದಿನ ಮಾತಿಗಾಗಿ ಅವನ ಬಾಯನ್ನೇ ನೋಡುತ್ತ ಕೂತಳು.