ಬಬಲೇಶ್ವರದ ಮೂರನೆಯ ಮಷೀನು

ಮಷೀನಿನೊಳಗೆ ಕೈ ಹಾಕುವ ಮುಂಚೆ ಅಕ್ಕಾರು ಹಸಿರು ಬಳೆಗಳನ್ನು ಮೊಣಕೈ ತನಕ ಏರಿಸಿ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರು. ಅದರ ಕೆಂಪು ಗೆರೆ ಸಂಜೆಯವರೆಗೂ ಕೈಮೇಲೆ ಉಳಿಯುತ್ತಿತ್ತು. ವಿಜಯಪುರದ ನಮ್ಮ ಆಸ್ಪತ್ರೆಯ ಸರ್ವರುಗಳೆಲ್ಲ ಅವರ ಸುಪರ್ದಿಯಲ್ಲಿದ್ದವು. ಅಲ್ಲಿ ಎಲ್ಲರ ಬಾಯಲ್ಲೂ ಅವರು ಅಕ್ಕಾರು; ನಾನು ಅವರ ಕೈಕೆಳಗೆ ಕೆಲಸ ಕಲಿತವಳು. ಅವರನ್ನು ಅಲ್ಲಿಂದ ಓಡಿಸಿದ ಮ್ಯಾನೇಜರನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಮನಸ್ಸೂ ಇಲ್ಲ.

ಯಾವ ರಕ್ತದ ಚೀಲ ಯಾವ ರೋಗಿಗೆ ಎಂಬ ದಾಖಲೆ ಎರಡು ಸರ್ವರುಗಳಲ್ಲಿ ಇರುತ್ತಿತ್ತು. ಒಂದು ವಿಜಯಪುರದಲ್ಲಿ, ಇನ್ನೊಂದು ಟಿಕೋಟಾ ಶಾಖೆಯಲ್ಲಿ. ಒಂದು ಕೆಟ್ಟರೆ ಇನ್ನೊಂದು ಕೆಲಸ ಹಿಡಿಯುತ್ತಿತ್ತು. ಆದರೆ ಎರಡೂ ಸರಿಯಿದ್ದು ನಡುವಿನ ಕೇಬಲ್ ಮಾತ್ರ ಕಡಿದರೆ, ಎರಡೂ ತಾನೇ ಯಜಮಾನ ಎಂದು ಕೂತುಬಿಡುತ್ತವೆ. ಅದಕ್ಕೇ ಅಕ್ಕಾರು ಬಬಲೇಶ್ವರದ ಶಾಖೆಯಲ್ಲಿ ಮೂರನೆಯದೊಂದು ಸಣ್ಣ ಮಷೀನು ಇಟ್ಟಿದ್ದರು. ಅದು ಯಾವುದಕ್ಕೆ ಹೂಂ ಅನ್ನುತ್ತದೋ ಆ ಸರ್ವರು ಕೆಲಸ ನಡೆಸಬೇಕು, ಇನ್ನೊಂದು ಸುಮ್ಮನಾಗಬೇಕು. ಅದನ್ನು ಅವರು ‘ಹಿರ್ಯಾ’ ಎಂದೇ ಕರೆಯುತ್ತಿದ್ದರು. ಅಮಾವಾಸ್ಯೆಗೆ ಅದಕ್ಕೂ ಒಂದು ಕುಂಕುಮದ ಬೊಟ್ಟು.

“ತಂಗೀ, ಒಂದರ ದನಿ ಇನ್ನೊಂದಕ್ಕ ಕೇಳಲಿಲ್ಲಂದ್ರ ಅದು ಸತ್ತೈತಿ ಅಂತ ತಿಳಕೋಬ್ಯಾಡ,” ಎನ್ನುತ್ತಿದ್ದರು. “ಮಾತು ನಿಂತದ್ದು ಬ್ಯಾರೆ, ಸತ್ತದ್ದು ಬ್ಯಾರೆ.”

ಮ್ಯಾನೇಜರನಿಗೆ ಹಿರ್ಯಾನ ಮೇಲೆ ಕಣ್ಣು. “ಈ ಡಬ್ಬಿ ಸುಮ್ನ ಕುಂತೈತಿ. ಕ್ಯಾಮೆರಾಕ್ಕರ ಹಚ್ರಿ.”

“ಸುಮ್ನ ಕುಂದ್ರೂದ ಅದರ ಕೆಲಸ್ರೀ ಸರ್,” ಎಂದರು ಅಕ್ಕಾರು.

ಅವರು ಭೂತನಾಳದಲ್ಲಿದ್ದ ತಂಗಿಯ ಮಗಳ ಸೀಮಂತಕ್ಕೆ ಹೋದ ಎರಡು ದಿನದಲ್ಲಿ ಆತ ಹಿರ್ಯಾನನ್ನು ಕಿತ್ತು ತರಿಸಿದ. ಕ್ಯಾಮೆರಾಗಳಿಗೆ ಹಚ್ಚಿಸಿದ. ಆಮೇಲೆ ನನ್ನನ್ನು ಕರೆದು, “ಕೇಬಲ್ ಹೋದ್ರೂ ಎರಡೂ ಕಡೆ ಚಾಲೂ ಇರಬೇಕು, ಹಂಗ ಮಾಡು,” ಎಂದ. ಹಾಗೆ ಮಾಡಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆದರೂ ಮಾಡಿದೆ. ಅಕ್ಕಾರು ಬಂದ ಮೇಲೆ ಹೇಳಲು ಬಾಯಿ ಬರಲಿಲ್ಲ. ಬಬಲೇಶ್ವರದ ಡಬ್ಬಿ ಇಲ್ಲವಾದದ್ದು ವಿಜಯಪುರದಲ್ಲಿದ್ದ ಅವರ ಕಣ್ಣಿಗೂ ಬೀಳಲಿಲ್ಲ.

ಅದೇ ವಾರ ಟಿಕೋಟಾ ರಸ್ತೆ ಅಗೆಯುವಾಗ ಕೇಬಲ್ ಕಡಿಯಿತು. ಅಪರೂಪದ ಗುಂಪಿನ ಒಂದೇ ಒಂದು ರಕ್ತದ ಚೀಲ ವಿಜಯಪುರದ ಫ್ರಿಜ್ಜಿನಲ್ಲಿತ್ತು. ಟಿಕೋಟಾದ ಸರ್ವರು ಅದನ್ನು ಒಬ್ಬ ಬಾಣಂತಿಗೆ ಬರೆಯಿತು, ಇಲ್ಲಿಯದು ಅಪಘಾತದಲ್ಲಿ ಗಾಯಗೊಂಡವನೊಬ್ಬನಿಗೆ ಕೊಟ್ಟಿತು. ಟಿಕೋಟಾದಿಂದ ಓಡಿಬಂದ ಡ್ರೈವರ್ ಖಾಲಿ ಫ್ರಿಜ್ಜಿನ ಮುಂದೆ ನಿಂತ. ಬೇರೆ ಆಸ್ಪತ್ರೆಯಿಂದ ರಕ್ತ ತಂದು ಬಾಣಂತಿಯನ್ನು ಹೇಗೋ ಉಳಿಸಿದರು.

ವಿಚಾರಣೆಯಲ್ಲಿ ಮ್ಯಾನೇಜರ್ ನೀರು ಕುಡಿದಷ್ಟು ಸಲೀಸಾಗಿ ಹೇಳಿದ: “ಸರ್ವರ್ ಜವಾಬ್ದಾರಿ ಅಕ್ಕಾರದು.” ಅಕ್ಕಾರು ಒಮ್ಮೆ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಕೆಲಸದ ನಡುವಿನಿಂದಲೇ ಎದ್ದು ಬಂದಿದ್ದ ಅವರು ಕೈಯ ರಬ್ಬರ್ ಬ್ಯಾಂಡ್ ತೆಗೆದು ಮೇಜಿನ ಮೇಲಿಟ್ಟು, ಕೆಲಸ ಬಿಟ್ಟು ಹೊರಟರು. ಬಳೆಗಳೆಲ್ಲ ಒಮ್ಮೆಲೇ ಮುಂಗೈಗೆ ಜಾರಿದ ಸದ್ದು ಈಗಲೂ ಕಿವಿಯಲ್ಲಿದೆ.

ಆಮೇಲೆ ನಾನು ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಮ್ಯಾನೇಜರನ ಮುಖ ಕಂಡರೆ ಮೈ ಉರಿಯುತ್ತಿತ್ತು. ಅವನು ಬೀಳುವ ದಿನಕ್ಕಾಗಿ ಕಾದೆ. ನಾನು ಬಾಯಿ ಬಿಡದೆ ಅವನು ಬೀಳುವುದಿಲ್ಲ ಎಂಬುದನ್ನು ಮಾತ್ರ ಮರೆತವಳಂತೆ ಇದ್ದೆ.

ಈ ವರ್ಷ ಅಕ್ಕಾರು ಕಾಯಿಲೆಯಿಂದ ತೀರಿಕೊಂಡರು. ಜೋರಾಪುರ ಪೇಟೆಯ ಅವರ ಮನೆಗೆ ಹೋದಾಗ ಅವರ ತಂಗಿ ಒಂದು ಲಕೋಟೆ ಕೊಟ್ಟರು. “ನಿಂಗ ಕೊಡು ಅಂದಿದ್ಲವ್ವಾ.” ಒಳಗೆ ಸರ್ವರಿನ ದಾಖಲೆಯ ಒಂದು ಹಾಳೆ, ವಿಚಾರಣೆಯ ಹಿಂದಿನ ದಿನ ತೆಗೆದದ್ದು. ಎರಡೂ ಕಡೆ ಚಾಲೂ ಇರುವಂತೆ ಬದಲಾವಣೆ ಮಾಡಿದವರ ಹೆಸರು ಅದರಲ್ಲಿತ್ತು: ನನ್ನದು, ನನ್ನದೊಂದೇ. ಇದನ್ನು ವಿಚಾರಣೆಯಲ್ಲಿ ತೋರಿಸಿದ್ದರೆ ಅವರು ಕೆಲಸದಲ್ಲಿ ಉಳಿಯುತ್ತಿದ್ದರು, ನಾನು ಮನೆಗೆ ಹೋಗುತ್ತಿದ್ದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

ಮುಂದಿನ ವಾರ ಮ್ಯಾನೇಜರನಿಗೆ ಬಡ್ತಿ ಕೊಡುವ ಸಭೆಯಿತ್ತು. ಕರೆಯದಿದ್ದರೂ ಒಳಗೆ ಹೋಗಿ ಆ ಹಾಳೆಯನ್ನು ಆಸ್ಪತ್ರೆಯ ಅಧ್ಯಕ್ಷರ ಮುಂದೆ ಇಟ್ಟೆ. ಅಧ್ಯಕ್ಷರು ಓದಿ, “ಇದರಾಗ ನಿನ್ನ ಹೆಸರೈತಲ್ಲವ್ವಾ,” ಎಂದರು.

“ಹೌದ್ರಿ, ಮಾಡಿದಾಕಿ ನಾನು,” ಎಂದು ಮ್ಯಾನೇಜರನ ಕಡೆ ಬೆರಳು ತೋರಿಸಿದೆ. “ಮಾಡಂದವ ಇಂವ. ಅಕ್ಕಾರದು ಏನೂ ತಪ್ಪಿಲ್ರಿ.”

ಅಧ್ಯಕ್ಷರು ಬಡ್ತಿಯ ಕಾಗದ ಪಕ್ಕಕ್ಕಿಟ್ಟು ಅವನ ಕಡೆ ತಿರುಗಿದರು. ಈ ಸಲ ನಾನು ನೆಲ ನೋಡಲಿಲ್ಲ.