ದಶಮಿಯ ಫೋನು

ಮೊದಲು ಅದು ಕಾಯಿಲೆಯ ಹಾಗೆ ಕಾಣಲಿಲ್ಲ. ನನಗೆ ನಿದ್ದೆ ಬೇಡವಾಯಿತು. ದಿನಕ್ಕೆ ನಾಲ್ಕು ಸಲ ಸ್ನಾನ, ಬಾಯಿ ತುಂಬ ಸ್ತೋತ್ರ. ಕಾಪುವಿನ ನಮ್ಮ ನೆರೆಕರೆಯವರೆಲ್ಲ ಭಕ್ತಿಯೆಂದು ಮೆಚ್ಚಿದರು. ನಾನೂ ಹಾಗೆಯೇ ತಿಳಿದೆ.

ಒಂದು ದಿನ ಕಟಪಾಡಿಯ ಬಸ್ ಸ್ಟ್ಯಾಂಡಿನಲ್ಲಿ ಕರಿಮಣಿ ಸರ ಬಿಚ್ಚಿ ಗುರುತಿಲ್ಲದ ಹೆಂಗಸಿನ ಕೈಗಿಟ್ಟೆ.

ಆ ತಾಯಿ ಸರವನ್ನೂ ನನ್ನನ್ನೂ ಮನೆಯವರೆಗೆ ತಂದು ಬಿಟ್ಟಳು. ದೇವರ ದಯೆ ಅಲ್ಲಿಂದಲೇ ಶುರುವಾಯಿತು ಎನ್ನಬೇಕು.

ನಮ್ಮ ಮನೆಯವರು ಮಣಿಪಾಲದಲ್ಲಿ ಅಡ್ಮಿಟ್ ಮಾಡಿಸಿದರು. ಡಾಕ್ಟರು ಬೈಪೋಲಾರ್ ಎಂದರು, ಮನಸ್ಸು ಒಮ್ಮೆ ಉಬ್ಬಿ ಒಮ್ಮೆ ಕುಗ್ಗುವ ಕಾಯಿಲೆ. ಲಿಥಿಯಂ ಮಾತ್ರೆ ಬರೆದರು. ಮನೆಗೆ ಬಂದ ಮೇಲೆ ಬಸ್ಸಿನ ಗದ್ದಲ ನನಗೆ ತಡೆಯಲಾಗುತ್ತಿರಲಿಲ್ಲ. ತಿಂಗಳಿಗೊಮ್ಮೆ ಬ್ಲಡ್ ಟೆಸ್ಟಿಗೆ ಬಂದರೆ ಸಾಕು, ಉಳಿದಂತೆ ಬುಧವಾರ ಸಂಜೆ ಫೋನ್ ಮಾಡಿ ಎಂದರು ಡಾಕ್ಟರು. ಫೋನ್ ಇದ್ದದ್ದು ಪಕ್ಕದ ಮನೆಯ ಫ್ಲೇವಿಯಾ ಬಾಯಿಯವರಲ್ಲಿ. ನಾನು ಮಾತಾಡುವಾಗ ಅವರು ಅಂಗಳಕ್ಕೆ ಹೋಗಿ ಮಲ್ಲಿಗೆಗೆ ನೀರು ಹಾಕುತ್ತಿದ್ದರು. ಮಳೆಗಾಲದಲ್ಲೂ.

ನಿದ್ದೆ, ಹಸಿವು, ಕೈನಡುಕ, ಎಲ್ಲವನ್ನೂ ಡಾಕ್ಟರು ಕೇಳುತ್ತಿದ್ದರು. ಏಕಾದಶಿಯ ಮಾತು ಬರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅತ್ತೆಯ ಜೊತೆ ನನ್ನದೂ ನಿರ್ಜಲ ಉಪವಾಸ. ಅದನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ವ್ರತವೂ ಕೆಡಬಾರದು, ಔಷಧವೂ ತಪ್ಪಬಾರದು ಎಂದು ಅಂದು ಮಾತ್ರೆಯನ್ನು ಒಣಗಂಟಲಿನಲ್ಲೇ ನುಂಗುತ್ತಿದ್ದೆ.

ಬೇಸಿಗೆಯಲ್ಲೊಮ್ಮೆ ಏಕಾದಶಿ ಮಂಗಳವಾರ ಬಂತು. ಮರುದಿನ ಪಾರಣೆಗೆ ಉಂಡದ್ದೆಲ್ಲ ವಾಂತಿಯಾಯಿತು. ಆದರೂ ಸಂಜೆ ಗೋಡೆ ಹಿಡಿದುಕೊಂಡು ಹೋಗಿ ಫೋನ್ ಮಾಡಿದೆ.

“ನಿಮ್ಮ ಮಾತು ಎಂತ ತೊದಲುತ್ತಾ ಉಂಟು?”

“ನಿನ್ನೆ ಏಕಾದಶಿ ಅಲ್ವಾ ಡಾಕ್ಟ್ರೇ, ಸ್ವಲ್ಪ ಸುಸ್ತು.”

“ನೀರು ಕುಡಿದಿದ್ರಾ?”

“ಒಂದು ಹನಿಯೂ ಇಲ್ಲ. ಆದ್ರೆ ಮಾತ್ರೆ ತಪ್ಪಿಸ್ಲಿಲ್ಲ.” ಹೆಮ್ಮೆಯಿಂದಲೇ ಹೇಳಿದೆ.

“ಹತ್ತಿರ ಯಾರಿದ್ದಾರೆ? ಫೋನ್ ಅವರಿಗೆ ಕೊಡಿ. ಈಗಲೇ.”

ಫ್ಲೇವಿಯಾ ಬಾಯಿ ಕೊಡಪಾನ ಅಲ್ಲೇ ಬಿಟ್ಟು ಓಡಿ ಬಂದರು. ಅವರೇ ರಿಕ್ಷಾ ಕರೆಸಿ, ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮಣಿಪಾಲಕ್ಕೆ ಕರೆದೊಯ್ದರು.

ನೀರಿಲ್ಲದ ಮೈಯಲ್ಲಿ ಲಿಥಿಯಂ ಏರಿ ವಿಷವಾಗಿತ್ತು.

ಡ್ರಿಪ್ ಹಾಕಿದರು. ಎರಡು ದಿನ ಕಳೆದು ಕಣ್ಣು ತಿಳಿಯಾದಾಗ ಡಾಕ್ಟರು ಮಂಚದ ಬಳಿ ಕುಳಿತರು. ಬಯ್ಯಲಿಲ್ಲ. “ಅನ್ನ ಬಿಡಿ, ಹಾಲು ಹಣ್ಣು ತಗೊಳ್ಳಿ. ನೀರು ಮಾತ್ರ ಬಿಡುವ ಹಾಗಿಲ್ಲ,” ಎಂದರು. ನನಗೆ ಅಳು ಬಂತು. ಇಷ್ಟು ವರ್ಷದ ವ್ರತ.

ಮೂಲೆಯಲ್ಲಿದ್ದ ಅತ್ತೆ ಎದ್ದು ಬಂದರು. “ಎಂತ ಮಾರಾಯ್ತಿ, ನೀರು ಬಿಡು ಅಂತ ಕೃಷ್ಣ ಬಂದು ಹೇಳಿದ್ದಾನಾ? ಹೇಳಿದ್ದು ನಾನು. ಈಗ ನಾನೇ ಹೇಳ್ತೇನೆ, ಕುಡಿ.”

ಡಾಕ್ಟರು ಅತ್ತೆಯನ್ನೇ ಕೇಳಿ, ಮುಂದಿನ ಏಕಾದಶಿಗಳನ್ನೆಲ್ಲ ನನ್ನ ಫೈಲಿನಲ್ಲಿ ಬರೆದುಕೊಂಡರು. ಅಂದಿನಿಂದ ನನ್ನ ಅಪಾಯಿಂಟ್‌ಮೆಂಟ್ ಬುಧವಾರವಲ್ಲ, ದಶಮಿಯ ಸಂಜೆ. “ನಾಳೆ ಎಷ್ಟು ಚೊಂಬು?” ಎಂದೇ ಮಾತು ಶುರು.

ಕಾಯಿಲೆ ಹೋಗಿಲ್ಲ; ಮಾತ್ರೆ ಬಹುಶಃ ಕೊನೆಯವರೆಗೂ ಇರುತ್ತದೆ. ಏಕಾದಶಿಯ ಬೆಳಿಗ್ಗೆ ಅತ್ತೆ ತಾವು ಹನಿಯನ್ನೂ ಮುಟ್ಟದೆ ನನ್ನೆದುರು ಚೊಂಬು ಇಟ್ಟು, ಖಾಲಿಯಾಗುವವರೆಗೆ ಕುಳಿತಿರುತ್ತಾರೆ. ಮೊದಲ ಗುಟುಕು ಈಗಲೂ ಗಂಟಲಲ್ಲಿ ತಡೆಯುತ್ತದೆ.

ಕೃಷ್ಣಾ ಎಂದು ನುಂಗುತ್ತೇನೆ.