ಹದಿನಾಲ್ಕನೇ ಪೊಟ್ಟಣ

ಇವತ್ತು ಬೆಳಿಗ್ಗೆ ಈ ಪರದೇಶದ ಕ್ಯಾಸಲ್‌ನಾಕ್‌ನ ನಮ್ಮ ಅಡುಗೆಮನೆಯಲ್ಲಿ ಕಲ್ಲುಹೂವು ಹುರಿಯುತ್ತಿದ್ದೆ. ನೆನೆದ ತೊಗಟೆಯಂಥ ಆ ವಾಸನೆಯ ಜೊತೆಗೆ ನನ್ನದೊಂದು ತಪ್ಪೂ ಎದ್ದು ಬಂತು. ಬಿಸಿಬೇಳೆಬಾತ್ ಪುಡಿಗೆ ಕಲ್ಲುಹೂವು ಬೇಕೇ ಬೇಕೆಂದು ನಿಮಗೂ ಗೊತ್ತು. ಬಂಡೆಗೋ ಮರಕ್ಕೋ ಅಂಟಿ ಬೆಳೆಯುವ ಅದನ್ನು ಲೈಕನ್ ಎನ್ನುತ್ತಾರೆಂದು ಎಸ್ಸೆಸ್ಸೆಲ್ಸಿ ಓದಿದ ನನಗೆ ತಿಳಿದದ್ದು ತಡವಾಗಿ.

ಸೊಸೆ ಶುಭಾ ಓದುವುದು ಅದನ್ನೇ. ಉತ್ತರ ಧ್ರುವದ ಹತ್ತಿರದ ದ್ವೀಪದಿಂದ ತಂದ ಲೈಕನ್ ಚೂರುಗಳಿಗೆ ಒಂದು ಹನಿ ಬ್ಲೀಚ್ ಬಿಟ್ಟು, ಕೆಂಪಾದರೆ ಒಂದು ಜಾತಿ, ಆಗದಿದ್ದರೆ ಇನ್ನೊಂದು ಎಂದು ಬೇರೆ ಮಾಡುತ್ತಾಳೆ. ನಾವು ಅಕ್ಕಿಯಲ್ಲಿ ಕಲ್ಲು ಆರಿಸಿದವರು. ಅವಳದು ಕಲ್ಲಿನಲ್ಲಿ ಅಕ್ಕಿ ಆರಿಸುವ ಕೆಲಸ.

ಕಳೆದ ಚಳಿಗಾಲ ಊಟದ ಮೇಜಿನ ಮೇಲೆ ಕಾಗದದ ಪೊಟ್ಟಣಗಳಿದ್ದವು. ಒಂದನ್ನು ಬಿಚ್ಚಿದೆ. ಮೇಲೆ ಏನೋ ಬರೆದಿತ್ತು, ಕನ್ನಡಕ ಹಾಕಿರಲಿಲ್ಲ. ಒಳಗೆ ಕಪ್ಪಗೆ ಸುರುಟಿಕೊಂಡ ಚೂರು. ಇಂಡಿಯನ್ ಅಂಗಡಿಯಿಂದ ಕಲ್ಲುಹೂವು ತಂದಿದ್ದಾಳೆ ಎಂದುಕೊಂಡು ಅರ್ಧ ಹುರಿದು ಪುಡಿಮಾಡಿದೆ, ಉಳಿದದ್ದನ್ನು ಖಾಲಿ ಡಬ್ಬಿಗೆ ಹಾಕಿದೆ. ಕಾಗದ ಯಾವುದಕ್ಕಾದರೂ ಬರುತ್ತದೆಂದು ಮಡಚಿ ಅಲ್ಲೇ ಇಟ್ಟೆ. ಆ ಮಧ್ಯಾಹ್ನ ಅವಳ ಜೊತೆಗೇ ಓದುವ ಗೆಳತಿ ಓರ್ಲಾ ಬಂದು ಬಿಸಿಬೇಳೆಬಾತ್ ಎರಡು ಸಲ ಬಡಿಸಿಕೊಂಡಳು.

ಎರಡು ದಿನ ಬಿಟ್ಟು ಶುಭಾ ಹೇಳಿದಳು: "ಮಾವ, ಹದಿನಾಲ್ಕನೇ ಪೊಟ್ಟಣ ಖಾಲಿ ಐತೆ. ಆ ಥರದ ಲೈಕನ್ ಇದ್ದಿದ್ದೇ ಅದೊಂದು. ಪ್ಯಾಕ್ ಮಾಡಿದ್ದು ಓರ್ಲಾ, ಅವಳೇ ಬೀಳಿಸಿರ್ಬೇಕು."

ನನಗೆ ಆ ಕ್ಷಣವೇ ಅರ್ಥವಾಯಿತು. ಆದರೂ ಸುಮ್ಮನಿದ್ದೆ. ನನ್ನೆದುರೇ ಓರ್ಲಾಗೆ ಫೋನ್ ಮಾಡಿದಳು. ಏನೂ ಮಾಡದ ಆ ಹುಡುಗಿ ಕ್ಷಮೆ ಕೇಳಿದಳು. ಆಮೇಲೆ ಮೂರು ವಾರ ನಮ್ಮ ಮನೆಗೆ ಬರಲಿಲ್ಲ. ಅವಳು ಕೂರುತ್ತಿದ್ದ ಕುರ್ಚಿಯ ಹತ್ತಿರ ಹೋಗದೆ ಸುತ್ತುಹಾಕಿ ಓಡಾಡುತ್ತಿದ್ದೆ.

ಕೊನೆಗೆ ಡಬ್ಬಿಯನ್ನು ಸೊಸೆಯ ಮುಂದಿಟ್ಟೆ. "ಇದು ನಿನ್ನ ಹದಿನಾಲ್ಕು. ಉಳಿದರ್ಧ ನಾವು ತಿಂದ್ವಿ."

ಅವಳು ಮುಚ್ಚಳ ತೆಗೆದು ಚೂರನ್ನು ನೋಡಿದಳು. "ಓರ್ಲಾಗೆ ನೀವೇ ಹೇಳ್ಬೇಕು ಮಾವ."

ಫೋನ್ ಮಾಡಿ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಮರುದಿನವೇ ಓರ್ಲಾ ಬಂದಳು. ಅವಳ ಮಾತನ್ನು ಶುಭಾ ನಗುತ್ತಾ ಕನ್ನಡಕ್ಕೆ ತಂದಳು: "ಎಲ್ಲಾ ಗ್ರ್ಯಾಂಡ್ ಅಂತೆ, ಅಂದ್ರೆ ಪರವಾಗಿಲ್ಲ ಅಂತ. ಸಾಕ್ಷಿನ ಎರಡು ಪ್ಲೇಟ್ ತಿಂದವಳು ನಾನೇ ಅಲ್ವಾ ಅಂತಾಳೆ."

ಉಳಿದ ಚೂರು ಬ್ಲೀಚ್ ತಾಗಿ ಕೆಂಪಾಯಿತು. ಜಾತಿ ಗೊತ್ತಾಗಲು ಅಷ್ಟು ಸಾಕಾಯಿತು.

ಇಂದು ಆ ಪೊಟ್ಟಣಗಳು ಸಂಗ್ರಹಾಲಯಕ್ಕೆ ಹೋಗುತ್ತಿವೆ. ಚೂರಿಗೆ ಆದದ್ದನ್ನೆಲ್ಲ ಚೀಟಿಯಲ್ಲಿ ಬರೆಯುವುದು ಅವರ ಪದ್ಧತಿ. "ಅರ್ಧ ತಪ್ಪಿ ಅಡುಗೆಗೆ ಹೋಯ್ತು ಅಂತ ಬರೀತೀನಿ. ನಿಮ್ಮ ಹೆಸರು ಬೇಡ" ಎಂದಳು ಶುಭಾ.

"ಹೆಸರೂ ಬರಿಯಮ್ಮ" ಎಂದೆ.

ಬರೆದಳು. ಶಾಯಿ ಆರುವವರೆಗೆ ಚೀಟಿಯನ್ನು ನಾನೇ ಹಿಡಿದುಕೊಂಡಿದ್ದೆ.